ದುಡಿದು ಗಳಿಸಿದ ನೆನಪು

ಲಂಡನ್ನಿನ ಕಪ್ಪು ಟ್ಯಾಕ್ಸಿಗಳ ಚಾಲಕರೆಂದರೆ ನನಗೆ ಮೊದಲಿನಿಂದಲೂ ಬೆರಗು. ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳೂ ಸಾವಿರಾರು ಸ್ಥಳಗಳೂ ಅವರಿಗೆ ಕಂಠಸ್ಥವಾಗಿರಬೇಕು. ‘ನಾಲೆಜ್’ ಎಂದು ಹೆಸರಾದ ಆ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳ ಅಭ್ಯಾಸ ಬೇಕು. ಇಂತಹ ಸ್ಮರಣಶಕ್ತಿ ಹುಟ್ಟಿನಿಂದ ಬಂದದ್ದೋ, ದುಡಿದು ಗಳಿಸಿದ್ದೋ?

2000ದಲ್ಲಿ ಎಲೀನರ್ ಮಗ್ವಾಯರ್ ಮತ್ತು ಸಂಗಡಿಗರು 16 ಚಾಲಕರ ಮಿದುಳನ್ನು ಎಂಆರ್‌ಐ ಮೂಲಕ ಪರಿಶೀಲಿಸಿದರು. ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ಸಿನ ಹಿಂಭಾಗವು ಇತರರಿಗಿಂತ ಅವರಲ್ಲಿ ದೊಡ್ಡದಾಗಿತ್ತು; ಮುಂಭಾಗ ಚಿಕ್ಕದಾಗಿತ್ತು. ಆದರೆ ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಈ ವೃತ್ತಿಗೆ ಬಂದಿರಬಹುದಲ್ಲವೇ? ಉತ್ತರ 2011ರಲ್ಲಿ ದೊರೆಯಿತು. ಕಲಿಕೆ ಆರಂಭಿಸಿದ 79 ಅಭ್ಯರ್ಥಿಗಳನ್ನು ಮಗ್ವಾಯರ್ ಅವರ ತಂಡ ವರ್ಷಗಟ್ಟಲೆ ಗಮನಿಸಿತು. ಮೊದಲು ಅವರ ಮಿದುಳುಗಳಲ್ಲಿ ಅಂತರವಿರಲಿಲ್ಲ. ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ಆ ಹಿಂಭಾಗ ಬೆಳೆದಿತ್ತು. ಸೋತವರಿಗಿಂತ ಅವರು ವಾರಕ್ಕೆ ಸರಿಸುಮಾರು ಎರಡರಷ್ಟು ಹೊತ್ತು ಅಭ್ಯಾಸ ಮಾಡಿದ್ದರು. ಈ ಗಳಿಕೆಗೂ ಬೆಲೆಯಿತ್ತು: ಹೊಸ ಚಿತ್ರವೊಂದನ್ನು ನೆನಪಿನಿಂದ ಬರೆಯುವ ಪರೀಕ್ಷೆಯಲ್ಲಿ ಅವರೇ ಹಿಂದೆ ಬಿದ್ದರು.

ಮಗ್ವಾಯರ್ ಮತ್ತು ಸಂಗಡಿಗರು 2003ರಲ್ಲಿ ಸ್ಮರಣಶಕ್ತಿಯ ಸ್ಪರ್ಧೆಗಳಲ್ಲಿ ಹೆಸರಾದವರನ್ನೂ ಪರೀಕ್ಷಿಸಿದ್ದರು. ಅವರ ಮಿದುಳಿನ ರಚನೆಯಲ್ಲಿ ವಿಶೇಷವೇನೂ ಕಾಣಲಿಲ್ಲ. ಹೆಚ್ಚಿನವರು ಪರಿಚಿತ ದಾರಿಯಲ್ಲಿ ಮನಸ್ಸಿನಲ್ಲೇ ನಡೆಯುತ್ತ, ನೆನಪಿಡಬೇಕಾದ ವಸ್ತುಗಳನ್ನು ಒಂದೊಂದು ತಾಣದಲ್ಲಿ ಇರಿಸುವ ಪುರಾತನ ಉಪಾಯವನ್ನು ಅನುಸರಿಸುತ್ತಿದ್ದರು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ನಾನು ಕಲಿಸುತ್ತೇನೆ. “ಇವನಿಗೆ ಒತ್ತಕ್ಷರ ತಲೆಯಲ್ಲಿ ನಿಲ್ಲುವುದೇ ಇಲ್ಲ, ಬಿಡಿ ಮೇಡಂ” ಎಂದು ತಾಯಿಯೊಬ್ಬರು ಮಗನ ಎದುರೇ ಹೇಳಿದರು. ಬಾಲಕ ಪುಸ್ತಕ ಮುಚ್ಚಿದ. ಅವನ ಮರೆವಿಗಿಂತ ಆ ತೀರ್ಪು ನನ್ನನ್ನು ಹೆಚ್ಚು ಕಾಡಿತು.

ಬೀದಿಗಳ ನೆನಪೂ ಅಕ್ಷರಗಳ ನೆನಪೂ ಒಂದೇ ಅಲ್ಲ. ಎಲ್ಲರ ಸಾಮರ್ಥ್ಯವೂ ಸಮವೆಂದು ಈ ಸಂಶೋಧನೆ ಹೇಳುವುದಿಲ್ಲ, ಶ್ರಮಿಸಿದವರೆಲ್ಲರೂ ಗೆಲ್ಲಲಿಲ್ಲ. ಆದರೆ ವಯಸ್ಕರ ಮಿದುಳೇ ಅಭ್ಯಾಸದಿಂದ ಬದಲಾಗುವಾಗ, ಎಂಟು ವರ್ಷದ ಮಗುವಿನ ತಲೆಯ ಬಗೆಗೆ ಕೊನೆಯ ಮಾತನ್ನಾಡಲು ನಾವು ಯಾರು? ವಾರಕ್ಕೊಂದು ಗಂಟೆಯ ಕನ್ನಡ ನಿಲ್ಲದಿದ್ದರೆ ತಪ್ಪು ಮಿದುಳಿನದಲ್ಲ, ಆ ಒಂದು ಗಂಟೆಯದು.

ಹಾಗಾಗಿ ಪಾಲಕರಲ್ಲಿ ಸಣ್ಣ ವಿನಂತಿ. ಶಾಲೆಯಿಂದ ಮನೆಗೆ ಬರುವಾಗ ಮಗುವೇ ಕನ್ನಡದಲ್ಲಿ ದಾರಿ ಹೇಳಲಿ: ಎಡಕ್ಕೆ, ಬಲಕ್ಕೆ, ಸೇತುವೆ ದಾಟಿ ನೇರಕ್ಕೆ. ಪ್ರತಿದಿನವೂ ಹೇಳಲಿ.