ಶರ್ಕರೆಯೂ ಕಲ್ಲೂ

ಸಂಸ್ಕೃತದಲ್ಲಿ ‘ಶರ್ಕರಾ’ ಎಂದರೆ ಸಕ್ಕರೆಯೂ ಹೌದು, ಹರಳುಗಲ್ಲೂ ಹೌದು. ಈ ಶ್ಲೇಷೆಯನ್ನು ಹೇಳಿ ಮೂವತ್ತು ವರ್ಷ ಹುಡುಗರನ್ನು ನಗಿಸಿದೆನು. ಜೀವೋತ್ಪತ್ತಿಯ ವಿಚಾರವನ್ನೋದುವಾಗ ಅದೇ ಜೋಡಿ ಮತ್ತೆ ಎದುರಾಯಿತು.

ಕಬ್ಬೇ ಇಲ್ಲದ ಕಾಲದಲ್ಲಿ ಸಕ್ಕರೆಯೆಲ್ಲಿಂದ ಬಂದೀತು? 1861ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಬುಟ್ಲೆರೋವನು ಫಾರ್ಮಾಲ್ಡಿಹೈಡಿಗೆ ಸುಣ್ಣದ ತಿಳಿನೀರನ್ನು ಬೆರಸಿ ಕಾಯಿಸಲು, ಸಿಹಿಯಾದ ಪಾಕವುಂಟಾಯಿತು. ಒಂದೊಂದೇ ಇಂಗಾಲದ ಪರಮಾಣುವುಳ್ಳ ಅಣುಗಳು ಕೂಡಿಕೊಂಡು ಎರಡು, ಮೂರು, ಐದು, ಆರು ಇಂಗಾಲಗಳ ಸಕ್ಕರೆಗಳಾದುವು. ಗಿಡವಿಲ್ಲ, ಜೀವವಿಲ್ಲ, ಆದರೂ ಸಕ್ಕರೆ!

ಆದರೆ ನಮ್ಮ ಜೀವಕೋಶಗಳ ಆರ್‌ಎನ್‌ಎಗೆ ಬೇಕಾದ ರೈಬೋಸ್ ಎಂಬ ಸಕ್ಕರೆಯು ಆ ಪಾಕದಲ್ಲಿ ಅತ್ಯಲ್ಪ. ಅದೂ ನಿಲ್ಲದು. ಕುದಿನೀರಿನ ಉಷ್ಣದಲ್ಲಿ 73 ನಿಮಿಷಗಳಲ್ಲಿ ಅರ್ಧ ನಾಶವಾಗುವುದೆಂದು 1995ರಲ್ಲಿ ಅಳೆದು ಹೇಳಿದರು. ಪಾಕವನ್ನು ಹಾಗೆಯೇ ಬಿಟ್ಟರೆ ಹಳದಿಯಾಗಿ, ಕಂದಾಗಿ, ಕಡೆಗೆ ಡಾಮರಿನಂತಾಗುವುದು. ಒಲೆಯ ಮೇಲೆ ಸಕ್ಕರೆಯನ್ನು ಮರೆತ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನಗಂತೂ ಬುಟ್ಲೆರೋವನ ಸಿಹಿಗಿಂತ ಈ ಕರಕಲೇ ಹೆಚ್ಚು ವಿಚಾರಯೋಗ್ಯವಾಗಿ ತೋರುವುದು. ಇಷ್ಟು ಕ್ಷಣಭಂಗುರವಾದುದು ಜೀವಕ್ಕೆ ಆಧಾರವಾದುದೆಂತು?

2004ರಲ್ಲಿ ಅಮೆರಿಕದ ಬೆನ್ನರ್ ಮೊದಲಾದವರು ಸುಣ್ಣದ ನೀರಿನಲ್ಲಿ ಎರಡು ಮತ್ತು ಮೂರು ಇಂಗಾಲಗಳ ಸಣ್ಣ ಸಕ್ಕರೆಗಳನ್ನು ಬೆರಸಿ, ಅಕ್ಕಸಾಲೆಯ ಬಿಳಿಗಾರದ ಜಾತಿಗೆ ಸೇರಿದ ಖನಿಜವನ್ನು ಕೂಡಿಸಿದರು. ರೈಬೋಸ್ ಹುಟ್ಟಿತು; ಖನಿಜದ ಬೋರೇಟು ಅದನ್ನು ಹಿಡಿದುಕೊಂಡಿತು; ದ್ರವವು ಕಂದಾಗಲಿಲ್ಲ. ಕಲ್ಲೇ ಶರ್ಕರೆಯನ್ನು ಕಾಯಿತು!

1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ನಿನಲ್ಲಿ ಬಿದ್ದ ಉಲ್ಕೆಯಲ್ಲಿಯೂ ರೈಬೋಸ್ ಇರುವುದೆಂದು 2019ರಲ್ಲಿ ತಿಳಿದುಬಂದಿತು. ಆದಿಭೂಮಿಯಲ್ಲಿ ಸಾಕಷ್ಟು ಬೋರೇಟು ಇದ್ದಿತೇ ಎಂಬ ವಾದವು ಮಾತ್ರ ಪಂಡಿತರಲ್ಲಿ ಇನ್ನೂ ನಡೆದೇ ಇದೆ.