ಎಲ್ಲಾರೂ ಆರಾಮ ಅದೀರಿ?

‘ಸರ್ವರ್ ಇಲ್ಲ, ನಾಳೆ ಬರ್ರಿ.’ ನಮ್ಮ ಕಡೆ ಈ ಮಾತು ಕೇಳದವರು ಯಾರೂ ಇರಲಿಕ್ಕಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತ ಮುದುಕಿ, ಪಹಣಿಗೆ ಬಂದ ರೈತ, ಪರೀಕ್ಷೆ ಶುಲ್ಕ ತುಂಬಲು ಕೂತ ಹುಡುಗ, ಎಲ್ಲರಿಗೂ ಅದೇ ಉತ್ತರ. ಆ ‘ಇಲ್ಲ’ಕ್ಕೆ ಕಾರಣಗಳು ನೂರಿರಬಹುದು. ಆದರೆ ಎಷ್ಟೋ ಸಲ ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಪರದೆಯ ಮೇಲಿನ ಚಿತ್ರ ನೋಡುತ್ತ, ಎಲ್ಲಿ ಕಡಿದಿದೆ ಎಂದು ಹುಡುಕುತ್ತಿರುತ್ತಾರೆ. ನನ್ನ ಪಿಎಚ್.ಡಿ. ಆ ಚಿತ್ರದ ಕುರಿತು.

ದೊಡ್ಡ ಕಚೇರಿಗಳಲ್ಲಿ ಮಾಹಿತಿ ಸರ್ವರಿನ ಹೊಟ್ಟೆಯೊಳಗೇ ಇರುವುದಿಲ್ಲ. ಅದಕ್ಕೆ ಬೇರೆ ಸ್ಟೋರೇಜ್ ಪೆಟ್ಟಿಗೆಗಳಿರುತ್ತವೆ, ನಡುವೆ ಸ್ವಿಚ್‌ಗಳಿರುತ್ತವೆ. ಈ ಜಾಲಕ್ಕೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎನ್ನುತ್ತಾರೆ. ಒಂದು ದಾರಿ ಕೆಟ್ಟರೆ ಇನ್ನೊಂದು ಇರಲಿ ಎಂದು ಪ್ರತಿ ಸರ್ವರಿನಿಂದ ಎರಡು ಕೇಬಲ್ ಹೊರಟು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸ್ವಿಚ್ ಬಳಗಗಳಿಗೆ ಸೇರುತ್ತವೆ. ಯಾರು ಯಾರಿಗೆ ಜೋಡಣೆಯಾಗಿದ್ದಾರೆ ಎಂದು ತೋರಿಸುವ ನಕ್ಷೆಯೇ ಟೋಪಾಲಜಿ ನೋಟ.

ನನ್ನ ಪ್ರಯೋಗದ ಜಾಲ ಚಿಕ್ಕದು: 40 ಸರ್ವರ್, 80 ಕೇಬಲ್. ಪ್ರತಿ ಕೇಬಲ್ ತನ್ನ ಬದಿಯ 4 ಸ್ಟೋರೇಜ್ ಪೋರ್ಟುಗಳನ್ನು ಮುಟ್ಟುತ್ತದೆ. ಹಾಗಾಗಿ ಒಟ್ಟು 320 ದಾರಿ. ಪ್ರತಿ ಪೋರ್ಟಿಗೂ 16 ಅಕ್ಷರ-ಅಂಕಿಗಳ ಹೆಸರು. ಎಲ್ಲವನ್ನೂ ಒಮ್ಮೆಗೇ ಬರೆಸಿದಾಗ, ತಾಜಸುಲ್ತಾನಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿ, “ಸಿಕ್ಕ ಬಿದ್ದ ನೂಲಿನಂಗ ಕಾಣಲತ್ತದಲ್ಲ ಯವ್ವಾ, ಇದ್ರಾಗ ಯಾರಿಗೆ ಏನ್ ತಿಳೀತದ?” ಅಂದಳು. ನನ್ನ ಪ್ರಬಂಧದ ಮೊದಲ ಅಧ್ಯಾಯ ಹೇಳುವುದೂ ಅದನ್ನೇ, ನಲವತ್ತು ಪುಟದಲ್ಲಿ.

ಸಿಕ್ಕು ಬಿಡಿಸುವ ದಾರಿಗಳು ಹಳೆಯವೇ. ಹ್ಯಾರಿ ಬೆಕ್ 1933ರಲ್ಲಿ ಲಂಡನ್ನಿನ ನೆಲದಡಿ ರೈಲಿನ ನಕ್ಷೆಯನ್ನು ಹೊಸದಾಗಿ ಕೊಟ್ಟಾಗ ನಿಜವಾದ ದೂರ, ತಿರುವುಗಳನ್ನು ಬಿಟ್ಟುಬಿಟ್ಟ. ನಿಲ್ದಾಣಗಳ ಸರದಿ ಮತ್ತು ಗಾಡಿ ಬದಲಿಸುವ ಜಾಗಗಳನ್ನು ಉಳಿಸಿಕೊಂಡ. ಪ್ರಯಾಣಿಕನಿಗೆ ಬೇಕಿದ್ದದ್ದು ಅಷ್ಟೇ. ಸ್ಟೋರೇಜ್ ಲೋಕದಲ್ಲಿ ಐಬಿಎಂನ ಟೋಟಲ್‌ಸ್ಟೋರೇಜ್ ಪ್ರೊಡಕ್ಟಿವಿಟಿ ಸೆಂಟರ್ ಎಂಬ ತಂತ್ರಾಂಶ ಹಂತಹಂತದ ನೋಟ ಕೊಟ್ಟಿತು. ಮೊದಲಿಗೆ ಕಂಪ್ಯೂಟರ್, ಸ್ವಿಚ್, ಸ್ಟೋರೇಜ್ ಎಂಬ ಗುಂಪುಗಳು. ಒಳಹೊಕ್ಕಂತೆ ಪೋರ್ಟಿನವರೆಗಿನ ವಿವರ. ನಾನೂ ಹಾಗೆಯೇ 40 ಸರ್ವರುಗಳನ್ನು ಒಂದು ಡಬ್ಬಿಯಾಗಿಸಿ, 80 ಕೇಬಲ್‌ಗಳನ್ನು ಒಂದು ದಪ್ಪ ಗೆರೆಯಾಗಿಸಬಹುದು. ಚಿತ್ರ ಚೆಂದ ಕಾಣುತ್ತದೆ.

ಕೇಡು ಇರುವುದು ಆ ಚೆಂದದಲ್ಲೇ. ಒಂದು ಕೇಬಲ್ ಕಡಿದರೆ 320ರಲ್ಲಿ 4 ದಾರಿ ಹೋಗುತ್ತವೆ, 316 ಉಳಿಯುತ್ತವೆ. ಸರಾಸರಿ ತೆಗೆದರೆ ಜಾಲದ ಆರೋಗ್ಯ ಶೇಕಡಾ 98.75. ಗೆರೆ ಹಸಿರಾಗಿಯೇ ಇರುತ್ತದೆ. ಎರಡನೆಯ ಕೇಬಲ್ ಇರುವುದರಿಂದ ಆ ಸರ್ವರಿನ ಕೆಲಸವೂ ನಿಲ್ಲುವುದಿಲ್ಲ, ಯಾರೂ ದೂರುವುದಿಲ್ಲ. ಆದರೆ ಅಂದಿನಿಂದ ಅದು ಒಂಟಿ ಕಾಲಲ್ಲಿ ನಿಂತಿರುತ್ತದೆ. ಉಳಿದದ್ದೂ ಕಡಿದ ದಿನ ಕೌಂಟರಿನವರು ‘ಸರ್ವರ್ ಇಲ್ಲ’ ಅನ್ನುತ್ತಾರೆ.

ಹಾಗಾದರೆ ಯಾವುದನ್ನು ಮಡಚಬೇಕು, ಯಾವುದನ್ನು ಮಡಚಬಾರದು? ಇದಕ್ಕೆ ಉತ್ತರ ನಮ್ಮ ಓಣಿಯಲ್ಲಿ ದಿನಾಲೂ ಕೇಳುತ್ತದೆ. “ಮನ್ಯಾಗ ಎಲ್ಲಾರೂ ಆರಾಮ ಅದೀರೇನ್ರಿ?” ಅಂತ ಯಾರಾದರೂ ಕೇಳಿದರೆ ಅವ್ವ “ಹ್ಞೂಂ, ಎಲ್ಲಾರೂ ಆರಾಮ ಅದೀವ್ರಿ” ಅನ್ನುತ್ತಾಳೆ. ಏಳು ಮಂದಿ ಒಂದು ಶಬ್ದದಲ್ಲಿ ಮುಗಿದರು. ಆಯಿ ಹಾಸಿಗೆ ಹಿಡಿದ ವಾರ ಉತ್ತರ ಬದಲಾಯಿತು: “ಆಯಿಗಿ ಜ್ವರ ಬಂದಾವ್ರಿ, ಉಳಿದೋರು ಆರಾಮ ಅದೀವಿ.” ಕೆಟ್ಟದ್ದು ಮೊದಲು, ಹೆಸರು ಹಿಡಿದು, ನೆಟ್ಟಗಿದ್ದದ್ದು ಆಮೇಲೆ, ಒಟ್ಟಾಗಿ. ಏಳರಲ್ಲಿ ಆರು ಮಂದಿ ಸರಿ ಇದ್ದಾರೆಂದು ಮನೆ ಶೇಕಡಾ 86 ಆರಾಮ ಎಂದು ಯಾರೂ ಹೇಳುವುದಿಲ್ಲ. ಹಾಗೆಂದು ಒಂದು ಸೀನು ಬಂದರೂ ಅವ್ವ ಊರಿಗೆಲ್ಲ ಸಾರುವುದಿಲ್ಲ. ಯಾವುದು ಜ್ವರ, ಯಾವುದು ಸೀನು ಎಂಬ ವಿವೇಕವೂ ಆ ಉತ್ತರದೊಳಗಿದೆ.

ನನ್ನ ನೋಟಕ್ಕೆ ಈಗ ಹಾಕಿಕೊಂಡ ನಿಯಮ ಇದು: ಒಂದೇ ಬಗೆಯವು, ಸುಸ್ಥಿತಿಯಲ್ಲಿರುವವು ಮಾತ್ರ ಮಡಚಿಕೊಳ್ಳಬೇಕು. ಜೋಡಿದಾರಿಯಲ್ಲಿ ಒಂದನ್ನು ಕಳೆದುಕೊಂಡ ಸರ್ವರ್ ಡಬ್ಬಿಯಿಂದ ಹೊರಬಂದು ತನ್ನ ಹೆಸರಿನೊಡನೆ ನಿಲ್ಲಬೇಕು. ಬೇಕೆಂದೇ ಖಾಲಿ ಬಿಟ್ಟ ಪೋರ್ಟು ಒಳಗೇ ಇರಬೇಕು. ಅದು ಬರೀ ಸೀನು. ಎಲ್ಲದಕ್ಕೂ ಕೆಂಪು ಹಚ್ಚಿದರೆ ಮತ್ತೆ ಅದೇ ಸಿಕ್ಕು.

ಸರಳಗೊಳಿಸುವುದೆಂದರೆ ಕಡಿಮೆ ಗೆರೆ ಎಳೆಯುವುದು ಎಂದು ಹಲವರು ತಿಳಿಯುತ್ತಾರೆ. ಯಾರ ಸುದ್ದಿಯನ್ನು ‘ಎಲ್ಲಾರೂ’ ಎಂಬ ಮಾತಿನಲ್ಲಿ ಮುಚ್ಚಬಹುದು ಎಂದು ತೀರ್ಮಾನಿಸುವ ಅಧಿಕಾರವೂ ಅದರಲ್ಲಿದೆ. ಜನಗಣತಿಯ ಕೋಷ್ಟಕಕ್ಕೂ, ಫಲಿತಾಂಶದ ಶೇಕಡಾವಾರಿಗೂ, ನನ್ನ ಪುಟ್ಟ ನಕ್ಷೆಗೂ ಈ ಮಾತು ಒಂದೇ. ಸದ್ಯ ನನ್ನ ಪರದೆಯ ಮೇಲೆ ಮೂರು ಡಬ್ಬಿಗಳಿವೆ, ಮತ್ತು ಅವುಗಳ ಹೊರಗೆ ಒಂಟಿಯಾಗಿ ಇಪ್ಪತ್ತೇಳನೆಯ ಸರ್ವರ್. ಅದರ ಎಡಗಡೆಯ ಕೇಬಲನ್ನು ಪರೀಕ್ಷೆಗೆಂದು ನಾನೇ ಕಿತ್ತಿದ್ದೇನೆ.