ಏಳು ಇಂಚಿನ ಮರದ ತುಂಡು

"ತಮ್ಮಾ, ನೀ ಘರ್ಷಣೆ ಮ್ಯಾಲೆ ಪಿಎಚ್.ಡಿ. ಮಾಡಾಕತ್ತೀಯಲ್ಲ, ಒಂದು ಸಣ್ಣ ಕಾರು ಓಡಿಸೂದು ನಿನಗೇನ್ ದೊಡ್ಡದು? ಇವರು ಊರಾಗಿಲ್ಲ. ನಿನ್ನ ಅಳಿಯ ಒಂದ ಸವನ ಕಾಡಾಕತ್ತಾನ."

ಜನವರಿಯ ಒಂದು ಸಂಜೆ ಅಕ್ಕ ಫೋನ್ ಮಾಡಿದ್ದು ಹೀಗೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಓಹಾಯೋದ ಈ ಊರಿಗೆ ನಾನು ಬಂದ ಮೊದಲ ಯುಗಾದಿಗೆ ಮನೆಗೆ ಕರೆದು ಹೋಳಿಗೆ ಬಡಿಸಿದ ಹುಬ್ಬಳ್ಳಿ ಕಡೆಯವರು. ಅಂದಿನಿಂದ ಅವರು ಅಕ್ಕ, ಅವರ ಎಂಟು ವರ್ಷದ ಮಗನಿಗೆ ನಾನು ಮಾಮಾ.

ಹೋದಾಗ ಊಟದ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇತ್ತು. ಒಳಗೆ ಏಳು ಇಂಚು ಉದ್ದದ ಒಂದು ಪೈನ್ ಮರದ ತುಂಡು, ಪ್ಲಾಸ್ಟಿಕ್ಕಿನ ನಾಲ್ಕು ಚಕ್ರ, ಅಚ್ಚಿನ ಬದಲು ನಾಲ್ಕು ಮೊಳೆ. ಅಷ್ಟೇ. ಇದನ್ನು ಕಾರು ಮಾಡಬೇಕು. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಇಳಿಜಾರಿನ ಹಳಿಯ ತುದಿಯಲ್ಲಿಟ್ಟು ಬಿಟ್ಟರೆ ತಾನಾಗಿ ಕೆಳಗೆ ಓಡಬೇಕು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಕೈಯಿಂದ ತಳ್ಳುವಂತೆಯೂ ಇಲ್ಲ. ಇದಕ್ಕೆ ಪೈನ್‌ವುಡ್ ಡರ್ಬಿ ಅನ್ನುತ್ತಾರೆ. ಅಮೆರಿಕದ ಕಬ್ ಸ್ಕೌಟ್ ಮಕ್ಕಳ ಬಾಲ್ಯದಲ್ಲಿ ಇದು ನಮ್ಮ ಕಡೆಯ ಮಣ್ಣೆತ್ತಿನ ಅಮಾವಾಸ್ಯೆಯ ಹಾಗೆ, ವರ್ಷಕ್ಕೊಮ್ಮೆ ಬರುತ್ತದೆ.

ಇದನ್ನು ಶುರು ಮಾಡಿದವರು ಕ್ಯಾಲಿಫೋರ್ನಿಯಾದ ಮ್ಯಾನ್ಹಟನ್ ಬೀಚಿನ ಡಾನ್ ಮರ್ಫಿ. ವಿಮಾನ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ, ಜೊತೆಗೆ ಊರಿನ ಕಬ್ ಸ್ಕೌಟ್ ತಂಡದ ಮುಖ್ಯಸ್ಥಿಕೆ. ಮಕ್ಕಳೇ ಒಳಗೆ ಕೂತು ಇಳಿಜಾರಿನಲ್ಲಿ ಓಡಿಸುವ ಸೋಪ್ ಬಾಕ್ಸ್ ಡರ್ಬಿ ಆಗಲೇ ಹೆಸರು ಮಾಡಿತ್ತು. ನಮ್ಮ ಓಹಾಯೋದ ಡೇಟನ್ನಿನಲ್ಲಿ ಹುಟ್ಟಿ, ಟೈರಿನ ಊರು ಆಕ್ರನ್ನಿನಲ್ಲಿ ನೆಲೆ ನಿಂತ ಪಂದ್ಯ ಅದು. ಮರ್ಫಿಯವರ ಹತ್ತು ವರ್ಷದ ಮಗನಿಗೆ ಅದರಲ್ಲಿ ಸೇರುವ ವಯಸ್ಸಾಗಿರಲಿಲ್ಲ. ಹಾಗಾಗಿ ಅಪ್ಪ ಪಂದ್ಯವನ್ನೇ ಅಂಗೈಯಗಲಕ್ಕೆ ಇಳಿಸಿದರು. ಮೊದಲ ಓಟ ನಡೆದದ್ದು 1953ರ ಮೇ 15ರಂದು. ಮರುವರ್ಷ ಸ್ಕೌಟ್ ಪತ್ರಿಕೆ 'ಬಾಯ್ಸ್ ಲೈಫ್'ನಲ್ಲಿ ವಿವರ ಪ್ರಕಟವಾದ ಮೇಲೆ ಅದು ದೇಶವೆಲ್ಲ ಹಬ್ಬಿತು. ಅಪ್ಪ ಮಗ ಕೂಡಿ ಕೂತು ಏನಾದರೂ ಮಾಡಲಿ ಎಂಬುದು ಮರ್ಫಿಯವರ ಆಸೆಯಾಗಿತ್ತು. ಈ 'ಕೂಡಿ' ಎಂಬ ಮಾತು ಎಷ್ಟು ಕಷ್ಟದ್ದು ಅನ್ನುವುದು ಆ ರಾತ್ರಿ ನನಗೆ ಗೊತ್ತಿರಲಿಲ್ಲ.

ಅಳಿಯ ಚಿತ್ರ ಬರೆದಿಟ್ಟಿದ್ದ. ಮೊಸಳೆ. ಬಾಯಿ ತೆರೆದ, ಹಲ್ಲು ಕಿರಿದ, ಬೆನ್ನ ಮೇಲೆ ಮುಳ್ಳಿರುವ ಹಸಿರು ಮೊಸಳೆ.

"ಹಲ್ಲಿಗೆ ಗಾಳಿ ತಡಿತದೋ," ಅಂದೆ.

ಅವನು ಚಿತ್ರ ನೋಡಿದ, ನನ್ನ ಮುಖ ನೋಡಿದ. "ಹಂಗಾದ್ರ ಹಲ್ಲು ಬ್ಯಾಡ ಬಿಡು," ಅಂದ. ಅರ್ಧ ಗಂಟೆಯಲ್ಲಿ ಮುಳ್ಳೂ ಹೋಯಿತು, ಬಾಲವೂ ಹೋಯಿತು. ಉಳಿದದ್ದು ಮುಂದೆ ತೆಳ್ಳಗೆ, ಹಿಂದೆ ದಪ್ಪಗೆ ಇರುವ ಒಂದು ಬೆಣೆ. ಗರಗಸ ಹಿಡಿದವನೂ ನಾನೇ.

ಅಲ್ಲಿಂದ ಮುಂದಿನದೆಲ್ಲ ನನ್ನ ವಿದ್ಯೆ. ಕಾರಿಗೆ ಸಿಗುವ ಬಂಡವಾಳ ಎತ್ತರ ಒಂದೇ. ಹಳಿ ಶುರುವಾಗುವುದು ಸುಮಾರು ನಾಲ್ಕಡಿ ಎತ್ತರದಿಂದ. ಇಳಿಯುತ್ತ ಬರುವ ಶಕ್ತಿಯನ್ನು ಎಷ್ಟು ಕಡಿಮೆ ಪೋಲು ಮಾಡುತ್ತೀರಿ ಎಂಬುದೇ ಪಂದ್ಯ. ಗೆಲಿಲಿಯೋನನ್ನು ಓದಿದವರು, ಭಾರವಾದದ್ದೂ ಹಗುರಾದದ್ದೂ ಒಂದೇ ವೇಗದಲ್ಲಿ ಬೀಳುತ್ತವಲ್ಲ, ತೂಕದ ಚಿಂತೆ ಯಾಕೆ ಎನ್ನಬಹುದು. ಗಾಳಿ ಇಲ್ಲದಿದ್ದರೆ, ಚಕ್ರ ತಿರುಗಬೇಕಿಲ್ಲದಿದ್ದರೆ ಅದು ನಿಜ. ಆದರೆ ಒಂದೇ ಆಕಾರದ ಎರಡು ಕಾರಿಗೆ ಗಾಳಿಯ ತಡೆ ಒಂದೇ. ಅದನ್ನು ಭರಿಸುವ ಶಕ್ತಿ ಭಾರದ ಕಾರಿನ ಬಳಿ ಹೆಚ್ಚು. ಅದಕ್ಕೇ ಎಲ್ಲರೂ 5 ಔನ್ಸಿನ ಅಂಚಿಗೇ ತಂದು ನಿಲ್ಲಿಸುತ್ತಾರೆ.

ತೂಕ ಎಲ್ಲಿಡಬೇಕು? ಹಿಂದೆ. ಇಳಿಜಾರಿನಲ್ಲಿ ನಿಂತಾಗ ಕಾರಿನ ಹಿಂಭಾಗವೇ ಮೇಲಿರುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ತೂಕವನ್ನು ಒಂದು ಇಂಚು ಹಿಂದಕ್ಕೆ ಸರಿಸಿದರೆ ಅದು ಅರ್ಧ ಇಂಚು ಹೆಚ್ಚು ಎತ್ತರದಿಂದ ಬಿದ್ದಂತೆ. ತೀರಾ ಹಿಂದಿಟ್ಟರೆ ಮೂತಿ ಎದ್ದು ಕಾರು ಹಳಿ ತಪ್ಪುತ್ತದೆ. ಆದ್ದರಿಂದ ತೂಕದ ಕೇಂದ್ರ ಹಿಂದಿನ ಚಕ್ರದ ಅಚ್ಚಿಗಿಂತ ಒಂದು ಇಂಚಿನಷ್ಟು ಮುಂದೆ ಇರುವಂತೆ ನೋಡಿಕೊಳ್ಳುತ್ತಾರೆ. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟು ತೂಕ ತುಂಬಲು ಸೀಸಕ್ಕಿಂತ ಟಂಗ್‌ಸ್ಟನ್ ಒಳ್ಳೆಯದು. ಸೀಸದ ಸುಮಾರು 1.7 ಪಟ್ಟು ಸಾಂದ್ರತೆ ಅದರದು. ಟಂಗ್‌ಸ್ಟನ್ ಗುಂಡು ತರಿಸಿದೆ.

ಇನ್ನು ಚಕ್ರ. ಹಳಿಯ ನಡುವೆ ಒಂದು ಉಬ್ಬುಪಟ್ಟಿ ಇರುತ್ತದೆ, ಕಾರು ಅದರ ಎರಡೂ ಬದಿಗೆ ಚಕ್ರವಿಟ್ಟು ಓಡುತ್ತದೆ. ಆ ಪಟ್ಟಿಗೆ ಅಲ್ಲಿ ಇಲ್ಲಿ ಬಡಿಯುತ್ತ ಹೋದರೆ ವೇಗ ಸತ್ತಂತೆ. ಬಲ್ಲವರು ಮುಂದಿನ ಒಂದು ಚಕ್ರವನ್ನು ಕೂದಲೆಳೆಯಷ್ಟು ಎತ್ತಿ ನೆಲ ಮುಟ್ಟದಂತೆ ಮಾಡುತ್ತಾರೆ. ಇನ್ನೊಂದನ್ನು ಪಟ್ಟಿಯ ಕಡೆಗೆ ತುಸುವೇ ತಿರುಗಿಸುತ್ತಾರೆ. ಆಗ ಕಾರು ಅದೊಂದೇ ಚಕ್ರವನ್ನು ಪಟ್ಟಿಗೆ ಆನಿಸಿಕೊಂಡು, ಗೋಡೆ ಹಿಡಿದು ನಡೆಯುವ ಮಗುವಿನ ಹಾಗೆ ನೆಟ್ಟಗೆ ಸಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಮೊಳೆ. ಡಬ್ಬಿಯಿಂದ ತೆಗೆದ ಮೊಳೆಯ ತಲೆಯ ಕೆಳಗೆ ಸಣ್ಣ ಮುಳ್ಳು, ಮೈಮೇಲೆ ಅಚ್ಚಿನ ಗೀರು ಇರುತ್ತವೆ. ಚಕ್ರ ಉಜ್ಜುವುದು ಅಲ್ಲೇ. ಮೊದಲು ಅರ ಹಾಕಬೇಕು. ಆಮೇಲೆ 400, 600, 1000, 2000 ಹೀಗೆ ನಯವಾಗುತ್ತ ಹೋಗುವ ಸ್ಯಾಂಡ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಬೇಕು. ಕೊನೆಗೆ ಗ್ರಾಫೈಟ್ ಪುಡಿ. ಎಣ್ಣೆ ಹಾಕುವಂತಿಲ್ಲ.

ಅಳಿಯ ಮೊದಲ ಮೊಳೆಯನ್ನು ಹತ್ತು ನಿಮಿಷ ಉಜ್ಜಿದ. ಗೀರು ಹಾಗೇ ಇತ್ತು. "ಇಲ್ಲಿ ಕೊಡು," ಅಂದೆ. ಕೊಟ್ಟ. ಸ್ವಲ್ಪ ಹೊತ್ತು ನೋಡುತ್ತ ಕೂತ. ಆಮೇಲೆ ಸೋಫಾದ ಮೇಲೆ ಮಲಗಿಬಿಟ್ಟ. ನಾನು ರಾತ್ರಿ ಒಂದೂವರೆಯವರೆಗೂ ಉಜ್ಜಿದೆ. ನಿಜ ಹೇಳುತ್ತೇನೆ, ಆ ಚಳಿಗಾಲದಲ್ಲೇ ನನಗೆ ಅಷ್ಟು ಸಂತೋಷವಾದ ರಾತ್ರಿ ಇನ್ನೊಂದಿರಲಿಲ್ಲ. ನನ್ನ ಪ್ರಬಂಧದ ಅಧ್ಯಾಯವೊಂದು ಮೂರನೇ ಸಲ ತಿದ್ದುಪಡಿಗೆ ವಾಪಸ್ ಬಂದಿತ್ತು. ಇಲ್ಲಿ ಒಂದು ಮೊಳೆ ಕಣ್ಣೆದುರೇ ಕನ್ನಡಿಯಾಗುತ್ತಿತ್ತು. ಚಕ್ರಕ್ಕೆ ಪೋಣಿಸಿ ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ಪಂದ್ಯ ಶಾಲೆಯೊಂದರ ಜಿಮ್ಮಿನಲ್ಲಿ. ನಾಲ್ಕು ಸಾಲಿನ ಅಲ್ಯೂಮಿನಿಯಂ ಹಳಿ, ಕೊನೆಯಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಹಿಡಿಯುವ ಟೈಮರ್. ಪ್ರತಿ ಕಾರೂ ನಾಲ್ಕೂ ಸಾಲಿನಲ್ಲಿ ಒಮ್ಮೊಮ್ಮೆ ಓಡಬೇಕು. ಒಂದೊಂದು ಓಟ ಮೂರು ಸೆಕೆಂಡಿನ ಆಸುಪಾಸು. ಬರ್ಗರ್ ಕಾರು, ಪೆನ್ಸಿಲ್ ಕಾರು, ಚಕ್ರ ಸೊಟ್ಟಗಾಗಿ ನಡುದಾರಿಯಲ್ಲೇ ನಿಂತ ಒಂದು ಕಾರು, ಜೊತೆಗೆ ನಮ್ಮದರಂಥ ನಾಲ್ಕಾರು ನಯವಾದ ಬೆಣೆಗಳು. ಆ ಬೆಣೆಗಳ ಹಿಂದೆ ನಿಂತ ಅಪ್ಪಂದಿರ ಕೈಯಲ್ಲಿ ಗ್ರಾಫೈಟ್ ಸೀಸೆ. ಮಾಡಿ ಮುಗಿಸಿದ ಕಾರನ್ನೇ ಆನ್‌ಲೈನಿನಲ್ಲಿ ಮಾರುವವರಿದ್ದಾರೆ ಅಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು.

ನಮ್ಮದು ಎರಡನೇ ಸ್ಥಾನ ಪಡೆಯಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅಳಿಯ ಟ್ರೋಫಿ ಹಿಡಿದು ಬರುವಾಗ ಬರ್ಗರ್ ಕಾರಿನ ಹುಡುಗಿ ಅವನನ್ನು ತಡೆದು, ಇಷ್ಟು ಜೋರಾಗಿ ಹೇಗೆ ಓಡುತ್ತೆ ಅಂತ ಕೇಳಿದಳು. ಅವನು ಭುಜ ಕುಣಿಸಿ ಇಂಗ್ಲಿಷಿನಲ್ಲಿ ಹೇಳಿದ: "ಗೊತ್ತಿಲ್ಲ. ನಮ್ಮ ಮಾಮಾ ಮಾಡಿದ್ದು."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಆದರೆ ನನ್ನ ಚಪ್ಪಾಳೆ ನಿಂತುಹೋಯಿತು. ಅದಕ್ಕೊಂದು ಹಳೆಯ ಕಾರಣವಿದೆ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ತಾಲ್ಲೂಕು ವಿಜ್ಞಾನ ಪ್ರದರ್ಶನಕ್ಕೆ ಗಾಳಿಯಿಂದ ದೀಪ ಹೊತ್ತಿಸುವ ಮಾದರಿ ಒಯ್ಯಬೇಕಿತ್ತು. ಗದಗ ಕಡೆಯ ನಮ್ಮೂರಲ್ಲಿ ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಹಿಂದಿನ ರಾತ್ರಿ ನಾನೇ ತಂತಿ ಸುತ್ತಲು ಕೂತೆ. ಎಳೆ ಹರಿಯಿತು. ಮತ್ತೆ ಸುತ್ತಿದೆ, ಮತ್ತೆ ಹರಿಯಿತು. "ಇಲ್ಲಿ ತಾ," ಅಂದರು ಅಪ್ಪ. ಬೆಳಿಗ್ಗೆ ಎದ್ದಾಗ ಮಾದರಿ ಸಿದ್ಧವಾಗಿತ್ತು. ತಗಡಿನ ರೆಕ್ಕೆಗೆ ಬಣ್ಣ ಕೂಡ ಹೊಡೆದಿದ್ದರು. ಪ್ರದರ್ಶನದಲ್ಲಿ ತೀರ್ಪುಗಾರರು ಬಗ್ಗಿ ನೋಡಿ, "ಎಷ್ಟು ಸುತ್ತು ಸುತ್ತೀಯಪ್ಪಾ?" ಅಂತ ಕೇಳಿದರು. ನಾನು ನೆಲ ನೋಡಿದೆ. ಆದರೂ ಬಹುಮಾನ ಬಂತು. ಪ್ರಮಾಣಪತ್ರಕ್ಕೆ ಅಪ್ಪ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಅದು ಕಣ್ಣಿಗೆ ಬೀಳದಂತೆ ಬೆನ್ನು ಮಾಡಿ ಕೂರುವುದನ್ನು ನಾನು ಕಲಿತೆ.

ಇಷ್ಟು ವರ್ಷ ನಾನು ಅದನ್ನು ಅಪ್ಪನ ಪ್ರತಿಷ್ಠೆ ಅಂದುಕೊಂಡಿದ್ದೆ. ಅಕ್ಕನ ಮನೆಯ ಮೇಜಿನ ಮುಂದೆ ಕೂತ ಆ ರಾತ್ರಿಯ ಬಳಿಕ ಹಾಗನ್ನಿಸುವುದಿಲ್ಲ. ದಿನವಿಡೀ ಸುಟ್ಟ ಮೋಟರುಗಳನ್ನು ಬಿಚ್ಚುವ ಮನುಷ್ಯನಿಗೆ ಒಂದು ರಾತ್ರಿ ಆಡಲು ಸಿಕ್ಕಿತ್ತು. ನನಗೂ ಸಿಕ್ಕಿತ್ತು. ಗೆಲ್ಲುವ ಆಸೆ ಸ್ವಲ್ಪ ಇತ್ತು, ಇಲ್ಲವೆನ್ನಲಾರೆ. ಹೆಚ್ಚಾಗಿ ಇದ್ದದ್ದು ಕೈಗಳ ಹಸಿವು. ಆ ಹಸಿವಿಗೆ ನಾವಿಬ್ಬರೂ ತಿಂದದ್ದು ಮಕ್ಕಳ ತಟ್ಟೆಯಿಂದ. ಇನ್ನೊಂದು ಮಾತೂ ಹೇಳಬೇಕು: ಅಷ್ಟು ಕಡಿಮೆ ವೇಗದ ಓಟದಲ್ಲಿ ಆಕಾರದಿಂದ ಬರುವ ಲಾಭ ಮೊಳೆಯ ಹೊಳಪಿನಿಂದ ಬರುವುದಕ್ಕಿಂತ ಸಣ್ಣದು. ಅದು ನನಗೆ ಮೊದಲೇ ಗೊತ್ತಿತ್ತು. ಮೊಸಳೆಯ ಹಲ್ಲು ಕೀಳಬೇಕಾಗಿರಲಿಲ್ಲ.

ಮರುವರ್ಷ ಡಬ್ಬಿ ಬಂದಾಗ ಅಳಿಯನಿಗೆ ಹೇಳಿದೆ, "ಗರಗಸ ನೀ ಹಿಡಿ, ನಾ ಕಟ್ಟಿಗಿ ಹಿಡಿತೀನಿ." ಮೂರು ಭಾನುವಾರ ಹಿಡಿಯಿತು. ಮೊಸಳೆಯ ಕೆಳದವಡೆ ಮುರಿದು ಅಂಟು ಹಾಕಿದ್ದಾಯಿತು. ಅವನು ಮೊಳೆ ಉಜ್ಜುವಾಗ ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮೂರು ಮೊಳೆ ಹೊಳೆದವು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ಸಾಕಾಗಿತ್ತು. "ಇಲ್ಲಿ ಕೊಡು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಅವನು ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಮಾಮಾ, ಇದನ್ನ ಎತ್ತಿದ ಚಕ್ರಕ್ಕ ಹಾಕಿದ್ರ? ಅದು ನೆಲಾನ ಮುಟ್ಟೂದಿಲ್ಲಲ್ಲ, ತಿರುಗೂದ ಬ್ಯಾಡ."

ಸರಿಯೇ ಇತ್ತು. ಘರ್ಷಣೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಹಿಂದಿನ ವರ್ಷ ನಾಲ್ಕೂ ಮೊಳೆಗಳನ್ನು ಒಂದೇ ಸಮ ಉಜ್ಜಿದ್ದೆ.

ಮೊಸಳೆಗೆ ಒಂಬತ್ತನೇ ಸ್ಥಾನ ಬಂತು. ನನ್ನ ಬೆಣೆಯನ್ನು ನಾನು ದೊಡ್ಡವರ ವಿಭಾಗದಲ್ಲಿ ಓಡಿಸಿದೆ. ಅಪ್ಪಂದಿರ ಕೈ ಕಟ್ಟಿಹಾಕಲು ಕೆಲವು ಕಡೆ ಹೀಗೊಂದು ಪ್ರತ್ಯೇಕ ಪಂದ್ಯ ಇಟ್ಟಿರುತ್ತಾರೆ. ನಾನು ಹಿಂತಿರುಗಿ ನೋಡಿದಾಗ ಅಳಿಯ ಮೊಸಳೆಯನ್ನು ಬೋರಲು ಹಾಕಿ ಮೂರು ನಾಲ್ಕು ಮಕ್ಕಳಿಗೆ ತಿರುಗದ ಚಕ್ರವನ್ನು ತೋರಿಸುತ್ತಿದ್ದ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು, ಅಪ್ಪ ಅಂಗಡಿಗೆ ಹೊರಟಿದ್ದರು.

"ಅಪ್ಪಾ, ಅವತ್ತ ಗಾಳಿ ಚಕ್ರಕ್ಕ ಎಷ್ಟ ಸುತ್ತು ತಂತಿ ಸುತ್ತಿದ್ದಿ?"

ಯಾವ ಚಕ್ರ ಅಂತ ಅವರು ಕೇಳಲಿಲ್ಲ. "ಮುನ್ನೂರಾ ಐವತ್ತು," ಅಂದರು. "ಯಾಕೋ?"

"ನನ್ನ ಎಬ್ಬಸಬೇಕಿತ್ತು ನೀ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ನೀ ತಂತಿ ಕೈಯಾಗ ಹಿಡಕೊಂಡ ಮಲಗಿಬಿಟ್ಟಿದ್ದಿ. ಎಬ್ಬಸಾಕ ಮನಸಾಗಲಿಲ್ಲ."